ರೊಟ್ಟಿಯ ಅರಿವೆಯಲ್ಲಿ ಸುತ್ತಿಟ್ಟ ಡಿಸ್ಕು

ನಮ್ಮ ಮಲಾಡಿನ ಮನೆಯ ಕಪಾಟಿನಲ್ಲಿ, ರೇಷ್ಮೆ ಸೀರೆಗಳಿಗೂ ಬೆಳ್ಳಿಯ ಆರತಿ ತಟ್ಟೆಗೂ ನಡುವೆ, ಬಿಳಿ ಅರಿವೆಯಲ್ಲಿ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್ ಇತ್ತು. ಅರಿವೆ ಚಿಕ್ಕಮ್ಮನದು, ಅವಳು ಗೋರೆಗಾಂವಿನಲ್ಲಿ ಖಾನಾವಳಿ ನಡೆಸುತ್ತಿದ್ದಾಗ ಬಿಸಿ ರೊಟ್ಟಿ ಸುತ್ತಿಡುತ್ತಿದ್ದದ್ದು. ಡಿಸ್ಕಿನೊಳಗಿದ್ದವಳೂ ಅವಳೇ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಅವಳ ಕೈಯಲ್ಲಿ ಉಂಡವರ ಹೆಸರು, ಊರು, ಸಿಟ್ಟು ಸೆಡವು, ಯಾರಿಗೆ ದಪ್ಪ ರೊಟ್ಟಿ, ಯಾರಿಗೆ ತೆಳುವಾದದ್ದು ಎಂಬುದನ್ನೆಲ್ಲ ಎರಡು ವರ್ಷದ ಹಿಂದೆ ಅವಳ ದನಿಯಲ್ಲೇ ಹೇಳಿಸಿ ತುಂಬಿಟ್ಟಿದ್ದೆವು. ನಮ್ಮಷ್ಟು ಜಾಣರು ಇಡೀ ಮುಂಬಯಿಯಲ್ಲಿ ಇಲ್ಲವೆಂದು ಬೀಗಿಯೂ ಇದ್ದೆವು.

ಈಚೆಗೆ ಏನೋ ಫೋಟೊ ತುಂಬಲೆಂದು ಕಂಪ್ಯೂಟರಿಗೆ ಹಚ್ಚಿದಾಗ ಆ ಡಿಸ್ಕು ಕಟಕಟ ಎನ್ನತೊಡಗಿತು. ಶುರುವಾಯಿತು ನೋಡಿ ನಮ್ಮ ಮನೆಯ ಪಂಡಿತರ ಪರಿಷತ್ತು. ಅಂಧೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ತಮ್ಮ ಮಹಾಂತೇಶ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನ ಪಕ್ಷ: ಅದರಲ್ಲಿ ತಿರುಗುವ ತಟ್ಟೆಯಿಲ್ಲ, ಕೈಜಾರಿ ಬಿದ್ದರೂ ಪೆಟ್ಟಾಗದು, ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲು ತೆರೆಯುತ್ತದೆ. ಎರಡು ವರ್ಷದಲ್ಲಿ ಒಮ್ಮೆಯೂ ತೆರೆಯದ ಫೈಲು ಅಷ್ಟು ಬೇಗ ತೆರೆದು ಯಾವ ಘನಕಾರ್ಯವಾಗಬೇಕಿತ್ತೋ ನೀವೇ ಹೇಳಿ. ಮಲಾಡಿನಲ್ಲಿ ನಿಲ್ಲದ ಫಾಸ್ಟ್ ಲೋಕಲ್ ರೈಲಿನ ವೇಗ ಮಲಾಡಿನವನಿಗೆ ಯಾತಕ್ಕೆ? ಭಾವನವರು ಹಾರ್ಡ್ ಡಿಸ್ಕಿನ ಭಕ್ತರು: ಅಗ್ಗ, ಹೆಚ್ಚು ಹಿಡಿಸುತ್ತದೆ, ಸಾಯುವ ಮುನ್ನ ಸದ್ದು ಮಾಡಿ ತಿಳಿಸುವ ಸೌಜನ್ಯವೂ ಅದಕ್ಕುಂಟು. ಮಾರ್ಕೆಟ್ಟಿನ ಅಂಗಡಿಯವನು ನನ್ನ ನರೆಗೂದಲನ್ನು ನೋಡಿ ಕನಿಕರದಿಂದ, ಎಸ್‌ಎಸ್‌ಡಿಯನ್ನು ಕರೆಂಟು ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಒಳಗಿನದು ಅಳಿಸಿಹೋಗಬಹುದು, ಆಗಾಗ ಹಚ್ಚುತ್ತಿರಬೇಕು ಎಂದು ಹಿಂದಿಯಲ್ಲಿ ಉಪದೇಶಿಸಿದ. ಜೋಪಾನವಾಗಿಡಲೆಂದೇ ಕೊಳ್ಳುವ ವಸ್ತುವನ್ನು ಸುಮ್ಮನೆ ಇಡಬಾರದಂತೆ. ನಾನು ನಕ್ಕುಬಿಟ್ಟೆ.

ಈ ಪಾಂಡಿತ್ಯವೆಲ್ಲ ಹರಿಯುತ್ತಿದ್ದಾಗ ಚಿಕ್ಕಮ್ಮ ಅದೇ ಕೋಣೆಯ ಕಿಟಕಿಯ ಬಳಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕುಳಿತಿರುತ್ತಿದ್ದಳು. ಮೊದಲೆಲ್ಲ ಕೇಳದಿದ್ದರೂ ಕತೆ ಹೇಳುವವಳು, ರೆಕಾರ್ಡ್ ಮಾಡಿದ ಮೇಲೆ, ಕೇಳಿದರೂ ಒಂದೇ ಮಾತು: “ಆ ಡಬ್ಬಿಗೆ ಹೇಳೀನಲ್ಲೋ, ಅಲ್ಲೇ ಕೇಳ್ಕೋ.” ನಮಗೂ ಅದು ಅನುಕೂಲವೇ ಆಗಿತ್ತು, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳು ಮಾತಿಗೆ ಭೀಮಪ್ಪನ ಹೆಸರೆತ್ತಿದೆ. ಹನ್ನೆರಡು ವರ್ಷ ಅವಳಲ್ಲಿ ಉಂಡವನು ಭೀಮಪ್ಪ. ಅವಳು ನನ್ನ ಮುಖವನ್ನೇ ನೋಡಿ, ಯಾವ ಭೀಮಪ್ಪ ಎಂದಳು. ಇವಳು ಎಲ್ಲವನ್ನೂ ಮರೆಯತೊಡಗಿದ್ದಾಳೆಂದು ಹೆದರಿದೆ. ಆ ಭಯಕ್ಕೆ ನಾನು ಕಂಡುಕೊಂಡ ಪರಿಹಾರ ಏನು ಗೊತ್ತೇ? ಅವಳ ಪಕ್ಕ ಕೂರುವುದಲ್ಲ, ಹೊಸ ಡಿಸ್ಕು ಹುಡುಕುವುದು. ಪಂಡಿತರನ್ನು ಹಳಿಯುವ ನಾನು ಅವರೆಲ್ಲರಿಗಿಂತ ದೊಡ್ಡ ಮೂರ್ಖ.

ಕೊನೆಗೆ ತಮ್ಮನ ಬಾಯಿ ಮುಚ್ಚಿಸಲೆಂದು ಎಸ್‌ಎಸ್‌ಡಿಯನ್ನೇ ತಂದೆ. ಭಾನುವಾರ ಮಧ್ಯಾಹ್ನ ಹಳೆಯದರಿಂದ ಎಲ್ಲವನ್ನೂ ಅದಕ್ಕೆ ಇಳಿಸಿ, ಸರಿಯಾಗಿದೆಯೇ ಎಂದು ನೋಡಲು ಒಂದು ಫೈಲು ತೆರೆದೆ. ರೊಟ್ಟಿ ಸೀದಿತೆಂದು ಭೀಮಪ್ಪ ಒಂದು ದಿನ ತಾಟು ಬಿಟ್ಟೆದ್ದು ಹೋದದ್ದನ್ನು ಚಿಕ್ಕಮ್ಮನ ದನಿ ಹೇಳತೊಡಗಿತು. ಕಿಟಕಿಯ ಬಳಿ ಸೊಪ್ಪು ಬಿಡಿಸುವ ಕೈ ನಿಂತಿತು.

“ಯಾರಿಕಿ? ಸುಳ್ಳ ಹೇಳಾಕತ್ತಾಳ,” ಎಂದಳು ಚಿಕ್ಕಮ್ಮ. ಎದ್ದು ನನ್ನ ಬಳಿ ಬಂದಳು. “ಎದ್ದು ಹೋದಾಂವ ಭೀಮಪ್ಪ ಅಲ್ಲ, ಅವನ ತಮ್ಮ. ಭೀಮಪ್ಪ ಪಾಪ, ಸೀದ ರೊಟ್ಟೀನೂ ಸುಮ್ಮನ ಉಣ್ಣಾಂವ.”

ರೆಕಾರ್ಡ್ ಮಾಡೋಣವೆಂದು ನನ್ನ ಕೈ ಅಭ್ಯಾಸಬಲದಿಂದ ಫೋನಿನತ್ತ ಹೋಯಿತು. ಹಿಂದಕ್ಕೆಳೆದುಕೊಂಡು, ಆಮೇಲೇನಾಯಿತು ಎಂದು ಕೇಳಿದೆ. ಕುರ್ಚಿ ಎಳೆದುಕೊಂಡು ಕುಳಿತವಳು ಚಹದ ಹೊತ್ತಿನವರೆಗೂ, ಪೆಟ್ಟಿಗೆಯೊಳಗಿನ ಆ ಸುಳ್ಳುಗಾತಿಯನ್ನು ಸಾಲುಸಾಲಾಗಿ ತಿದ್ದಿದಳು. ಯಾವುದು ನಿಜವೋ ನನಗೆ ತಿಳಿಯದು, ಆದರೆ ಭೀಮಪ್ಪ ಅವಳಿಗೆ ಮರಳಿ ಸಿಕ್ಕಿದ್ದ.

ಅಂಗಡಿಯವನ ಉಪದೇಶದಂತೆ ಈಗ ಪ್ರತಿ ಭಾನುವಾರ ಎಸ್‌ಎಸ್‌ಡಿಯನ್ನು ಹಚ್ಚುತ್ತೇನೆ. ಅವಳು ಜಗಳಕ್ಕೆ ಬರುತ್ತಾಳೆ. ಮೊದಲ ದಿನ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಲು ಹೊರಟಾಗ ನನ್ನ ಕೈಯಿಂದ ಕಿತ್ತುಕೊಂಡು, “ಇದಕ್ಯಾಕೋ ಅರಿವಿ? ಒಳಗ ರೊಟ್ಟಿ ಆರಾಕತ್ತಾವ,” ಎನ್ನುತ್ತ ಅಡುಗೆಮನೆಗೆ ಹೋದಳು. ಹೊಸ ಡಿಸ್ಕು ಅಂದಿನಿಂದ ಮೇಜಿನ ಮೇಲೆ ಬರಿಮೈಯಲ್ಲಿ ಬಿದ್ದುಕೊಂಡಿದೆ.