ಮೀನಿನ ಮದ್ದು ಹಚ್ಚಿಕೊಂಡ ಕೈ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಕೂರುವ ಬೆಂಚಿನ ಪಕ್ಕದ ಗಾಜಿನ ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಬಿಟ್ಟು ಪಾಚಿ ಉಜ್ಜುತ್ತಿದ್ದಾಗ ಮೀನಣ್ಣನ ತೋರುಬೆರಳು ಕಲ್ಲಿಗೆ ತರಚಿತು. ಅಂಗಿಗೆ ಒರೆಸಿಕೊಂಡು ಅವನು ಕೆಲಸ ಮುಂದುವರಿಸಿದ.

ಅಲಂಕಾರದ ಮೀನುಗಳ ತೊಟ್ಟಿ ತೊಳೆಯುವುದು ಅವನ ಕಸುಬು, ಅದಕ್ಕೇ ಆ ಹೆಸರು. ಜನ ಬಾಗಿಲು ತೆಗೆದು, ತೊಟ್ಟಿ ತೋರಿಸಿ, ತಮ್ಮ ಪಾಡಿಗೆ ಒಳಗೆ ಹೋಗಿಬಿಡುತ್ತಾರೆ. ದಿನವೆಲ್ಲ ಅವನ ಮಾತು ಮೀನುಗಳ ಜೊತೆಗೇ. ಗ್ಲೌಸು ಹಾಕುವುದಿಲ್ಲ, ಹಾಕಿದರೆ ಕಲ್ಲಿನ ಸಂದಿಯಲ್ಲಿ ಅಡಗಿದ ಮರಿಗಳು ಬೆರಳಿಗೆ ಗೊತ್ತಾಗುವುದಿಲ್ಲವಂತೆ.

ಗಾಯ ಮಾಯಿತು, ಅಲ್ಲೊಂದು ಗಂಟು ಉಳಿಯಿತು. ಮೀನಿನ ಮೈಗೆ ಬೂಷ್ಟು ಹಿಡಿದಾಗ ನೀರಿಗೆ ಬೆರೆಸುವ ನೀಲಿ ಮದ್ದನ್ನೇ ಅವನು ದಿನಾ ಬೆರಳಿಗೆ ಹಚ್ಚಿಕೊಂಡ. ಅಷ್ಟು ಮೀನು ಉಳಿಸಿದ ಮದ್ದು ತನ್ನ ಕೈ ಬಿಡಲಾರದು ಎಂಬ ನಂಬಿಕೆ. ನೀಲಿಯ ಅಡಿಯಲ್ಲಿ ಚರ್ಮ ಕೆಂಪಾಗಿದ್ದು ಕಾಣಲಿಲ್ಲ. ಗಂಟುಗಳು ಒಂದೊಂದಾಗಿ ಮುಂಗೈ ಏರಿದವು. ಬೆರಳು ಮಡಚಲಾಗದೆ ಹೋದ ಮೇಲೆ ಆಸ್ಪತ್ರೆಗೆ ಹೋದ.

"ಏನ್ರೀ ಇದು, ಶಾಯಿ ಬಾಟ್ಲಿಗೆ ಕೈ ಹಾಕಿದ್ರಾ?" ಎಂದರು ಡಾಕ್ಟರಮ್ಮ.

"ಮೀನಿನ ಔಷಧಿ, ಮೇಡಂ."

"ನೀವೇನು ಮೀನಾ?"

ಗಂಟಿನ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಉತ್ತರ ಬರಲು ವಾರಗಳೇ ಹಿಡಿದವು.

"ತೊಟ್ಟಿ ನೀರಲ್ಲಿರೋ ರೋಗಾಣು ಇದು. ಮನುಷ್ಯರಿಗೆ ಬರೋದು ಅಪರೂಪ. ಕ್ಷಯದ ರೋಗಾಣು ಇದೆಯಲ್ಲ, ಅದರ ದಾಯಾದಿ ಅಂದ್ಕೊಳ್ಳಿ. ಒಬ್ರಿಂದ ಒಬ್ರಿಗೆ ಅಂಟಲ್ಲ. ಆದ್ರೆ ತಿಂಗಳುಗಟ್ಟಲೆ ಮಾತ್ರೆ ನುಂಗ್ಬೇಕು. ಅಲ್ಲಿವರೆಗೂ ನೀರಿಗೆ ಕೈ ಹಾಕೋ ಹಾಗಿಲ್ಲ."

ಟೈಲರ್ ಅಂಗಡಿಯ ಮೇಲಿನ ತನ್ನ ಕೋಣೆಗೆ ಬಂದು ಅವನು ಅಕ್ಕನಿಗೆ ಫೋನು ಮಾಡಿದ. ಭಾನುವಾರದ ಊಟ ಅಕ್ಕನ ಮನೆಯಲ್ಲಿ. ವಾರದಲ್ಲಿ ಅವನು ಇನ್ನೊಬ್ಬರ ಜೊತೆ ಕೂತು ಉಣ್ಣುವುದು ಅದೊಂದೇ ಹೊತ್ತು.

"ಕ್ಷಯಾನೇನೋ?"

"ಅಲ್ಲಕ್ಕಾ, ಅದರ ದಾಯಾದಿ."

"ದಾಯಾದಿ ಅಂದ್ರೆ ಇನ್ನೂ ಕೆಟ್ಟದ್ದಲ್ವೇನೋ!"

ಇಬ್ಬರೂ ನಕ್ಕರು. ಆಮೇಲೆ ಅಕ್ಕ ದನಿ ತಗ್ಗಿಸಿದಳು. "ಮನೇಲಿ ಎಳೆ ಮೊಮ್ಮಗು ಇದೆ ಕಣೋ. ಪೂರ್ತಿ ವಾಸಿ ಆಗ್ಲಿ, ಆಮೇಲೆ ಬಾ."

"ಅಂಟಲ್ಲ ಅಂದಿದ್ದಾರೆ ಅಕ್ಕಾ."

"ಅವರಿಗೇನು, ಹೇಳ್ತಾರೆ."

ಮರುದಿನ ಅವನು ಡಾಕ್ಟರಮ್ಮನಿಂದಲೇ ಫೋನು ಮಾಡಿಸಿದ. ಅಕ್ಕ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಟ್ಟಳು. ತಮ್ಮನನ್ನು ಮಾತ್ರ ಊಟಕ್ಕೆ ಕರೆಯಲಿಲ್ಲ.

ಮಾತ್ರೆ ಇನ್ನೂ ನಾಲ್ಕು ತಿಂಗಳು ನುಂಗಬೇಕು. ಅಲ್ಲಿಯವರೆಗೆ ಭಾನುವಾರದ ಊಟವನ್ನು ಭಾವ ಡಬ್ಬಿಯಲ್ಲಿ ತಂದು ಕೆಳಗಿನ ಟೈಲರ್ ಕೈಗೆ ಕೊಟ್ಟು ಹೋಗುತ್ತಾರೆ.