ಬಿಳಿ ಕುದುರೆಯ ಕೊರಳಿನ ಕೆಂಪು ಚುಕ್ಕೆ

ಗೌರಿ ಹಬ್ಬದ ಬೆಳಗ್ಗೆ ಅಲ್ ಹಿಲಾಲ್‌ನ ಫ್ಲ್ಯಾಟಿನಲ್ಲಿ ಪೂಜೆ ಮುಗಿಸಿ, ಹಣೆಗೂ ಬೈತಲೆಗೂ ಕುಂಕುಮವಿಟ್ಟುಕೊಂಡು ಕೆಲಸಕ್ಕೆ ಓಡಿದೆ. ದೋಹಾದ ಸಂಗ್ರಹಾಲಯವೊಂದರಲ್ಲಿ ಹಳೆಯ ಪಾರಸಿ ಹಸ್ತಪ್ರತಿಗಳ ಫೋಟೊ ತೆಗೆಯುವುದು ನನ್ನ ಕೆಲಸ. ಆ ಕೋಣೆಗೆ ಪೌಡರ್, ಕ್ರೀಮು, ಕುಂಕುಮ ಯಾವುದೂ ಬರಕೂಡದು. ದಿನವೂ ಸ್ಟಿಕ್ಕರ್ ಇಡುವ ನಾನು ಅಂದು ಬಾಗಿಲಲ್ಲೇ ಹಣೆ ಒರೆಸಿಕೊಂಡೆ. ಬೈತಲೆ ಮರೆತೆ. ನನ್ನ ಹಾಳು ಮರೆವು!

ಮೇಜಿನ ಮೇಲೆ ವೀರಕಾವ್ಯವೊಂದರ ಚಿತ್ರದ ಹಾಳೆಯಿತ್ತು. ಬಂಗಾರದ ಆಕಾಶದ ಕೆಳಗೆ ಬಿಳಿ ಕುದುರೆಯೇರಿದ ರಾಜಕುಮಾರ ಘಟಸರ್ಪದೊಂದಿಗೆ ಕಾದಾಡುತ್ತಿದ್ದ. ಸರ್ಪದ ಒಂದೊಂದು ಹುರುಪೆಯನ್ನೂ ಬಿಡಿಬಿಡಿಯಾಗಿ ಬರೆದಿದ್ದ, ಆ ಚಿತ್ರಕಾರ ಪುಣ್ಯಾತ್ಮ. ಬಗ್ಗಿ ಫೋಕಸ್ ಸರಿಮಾಡುವಾಗ ಕಂಡಿತು: ಕುದುರೆಯ ಕೊರಳಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ. ಕೈ ಬೈತಲೆಗೆ ಹೋಯಿತು. ಬೆರಳಿಗೆ ಕುಂಕುಮ ಹತ್ತಿತು.

ಜೀವವೇ ಬಾಯಿಗೆ ಬಂತು. ಗಂಡನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆ ನಿಂತಿದ್ದುದು ನನ್ನ ಈ ಕೆಲಸದ ಮೇಲೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲೇ ಧೂಳು ತೆಗೆಯುವ ಮೆದು ಬ್ರಶ್. ಬೆರಳನ್ನು ಕುರ್ತಾಕ್ಕೆ ಒರೆಸಿ ಅದನ್ನು ಎತ್ತಿಕೊಂಡೆ. ಒಮ್ಮೆ ಸವರಿದರೆ ಯಾರಿಗೂ ಗೊತ್ತಾಗದು. ಬ್ರಶ್ಶಿನ ತುದಿ ಕುದುರೆಯ ಕೊರಳ ತನಕ ಹೋಯಿತು. ಪ್ರಾಮಾಣಿಕತೆ ಗೀಮಾಣಿಕತೆ ಏನೂ ಅಲ್ಲ, ಬರೀ ಹೆದರಿಕೆಯಿಂದ ಬ್ರಶ್ ಕೆಳಗಿಟ್ಟೆ. ಪಕ್ಕದ ಕೋಣೆಯಲ್ಲಿ ಹಾಳೆಗಳ ದುರಸ್ತಿ ಮಾಡುವ ಮಂಗಳೂರು ಕಡೆಯ ಹಿರಿಯರನ್ನು ಕರೆದೆ.

"ಎಂತಾಯ್ತು ಮಾರಾಯ್ರೆ? ಮುಖ ಯಾಕೆ ಹಾಗೆ?"

"ಸರ್, ನನ್ ಕುಂಕುಮ ಬಿದ್ಬಿಟ್ಟಿದೆ. ಕುದುರೆ ಮೇಲೆ."

"ಮುಟ್ಟಿದ್ರಾ?"

"ಇಲ್ಲ ಸರ್."

ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಎಷ್ಟು ಹೊತ್ತು ನೋಡಿದರೋ! ಆಮೇಲೆ ಕಂಪ್ಯೂಟರಿನಲ್ಲಿ ಆ ಹಾಳೆಯ ಹಳೆಯ ಫೋಟೊ ತೆರೆದರು. ಚುಕ್ಕೆ ಅದರಲ್ಲೂ ಇತ್ತು, ಅಲ್ಲೇ.

"ಇದು ಚಿತ್ರ ಬರೆದವನದ್ದೇ. ಸರ್ಪದ ಹಲ್ಲು ತಾಗಿ ಬಂದ ರಕ್ತ. ಬಣ್ಣ ಸಡಿಲ ಆಗಿದೆ ನೋಡಿ. ಬ್ರಶ್ ತಾಗಿದ್ರೆ ಖಲಾಸ್."

ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟೆ. ಅವರು ಹಾಳೆಯ ಕೆಳಗೆ ಹಾಸಿದ್ದ ಬಿಳಿ ಕಾಗದವನ್ನು ತೋರಿಸಿದರು. ಹಾಳೆಯ ಅಂಚಿನಿಂದ ಒಂದು ಬೆರಳಿನಷ್ಟು ಆಚೆಗೆ ಒಂದಿಷ್ಟು ಕೆಂಪು ಪುಡಿ ಬಿದ್ದಿತ್ತು.

"ನಿಮ್ಮದು ಇದು. ಹೋಗಿ, ತಲೆ ತೊಳ್ದು ಬನ್ನಿ. ಯಲ್ಲಾ, ಬೇಗ."

ಬಾಗಿಲಲ್ಲಿ ತಿರುಗಿ ನೋಡಿದೆ. ಕುದುರೆಯ ಪಕ್ಕದಲ್ಲೇ ನಾನು ಬಿಟ್ಟಿದ್ದ ಬ್ರಶ್ಶನ್ನು ಎತ್ತಿ, ಡ್ರಾಯರಿನಲ್ಲಿಟ್ಟು, ಬೀಗ ಹಾಕುತ್ತಿದ್ದರು.