ಸೋನಿ ಹಾಡದ ಢಾವಲೋ

೨೦೦೮ರಲ್ಲಿ ನಾನು ರಾಯದುರ್ಗದ ಬಳಿಯ ಖಾಸಗಿ ವಸತಿ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಆಂಧ್ರದ ಈ ಅಂಚಿನಲ್ಲಿ ಮಕ್ಕಳು ಕನ್ನಡ ಮರೆತುಬಿಡುತ್ತಾರೆಂದು ಹೆದರಿದ ಕೆಲವರು ಕೂಡಿ ಕಟ್ಟಿದ ಕನ್ನಡ ಶಾಲೆ ಅದು. ನಾನೂ ಅಂಥದೇ ಅಂಚಿನ ಮಡಕಶಿರಾ ಕಡೆಯವನು. ಆ ಹೆದರಿಕೆ ನನ್ನದೂ ಆಗಿತ್ತು.

ಜೀನ್ಸ್ ಹೊಲಿಯುವ ಕೆಲಸ ಬಂದ ಮೇಲೆ ಗುಮ್ಮಘಟ್ಟ ಕಡೆಯ ತಾಂಡಾಗಳ ಲಂಬಾಣಿಗಳು ರಾಯದುರ್ಗಕ್ಕೆ ಬಂದು, ಮಕ್ಕಳನ್ನು ನಮ್ಮಲ್ಲಿ ಬಿಡತೊಡಗಿದರು. ಆವರಣದಲ್ಲಿ ತಾಂಡಾದ ಮಾತು ಕೂಡದು. ಆಡಿದ ಮಗು ಉಳಿದವರು ಉಣ್ಣುವಾಗ ಬಾಗಿಲ ಬಳಿ ನಿಲ್ಲಬೇಕು. ಎರಡನೇ ತರಗತಿಗೆ ಸೇರಿದ ಸೋನಿ ದಾಖಲಾತಿಯ ದಿನವೇ ಶಾಲೆಯ ಪುಸ್ತಕದಲ್ಲಿ ಸುವರ್ಣ ಆದಳು. ನಾನು ಕಂಡಾಗ ಹತ್ತನೇ ತರಗತಿಯಲ್ಲಿದ್ದಳು. ಕಂಠಪಾಠದಲ್ಲಿ ಯಾವಾಗಲೂ ಮೊದಲು. ರಜೆಯಲ್ಲಿ ತಾಯಿಯೂ ಹೆಮ್ಮೆಯಿಂದ ಅವಳ ಜೊತೆ ಕನ್ನಡವನ್ನೇ ಆಡುತ್ತಿದ್ದಳು.

ರಷ್ಯಾದ ಚಕ್ರವರ್ತಿಗಳು ಪೋಲೆಂಡಿನ ಶಾಲೆಗಳಿಂದ ಪೋಲಿಷ್ ಭಾಷೆಯನ್ನು ತೆಗೆದು ರಷ್ಯನ್ ಹೇರಿದ ಪಾಠ ಮಾಡಿದ ದಿನ ಸೋನಿ ಎದ್ದು ನಿಂತಳು.

"ಸರ್, ಆ ಮಕ್ಕಳು ಮನಿಗೆ ಹೋದಾಗ ಅಜ್ಜಿ ಜೋಡಿ ಏನ್ ಮಾತಾಡ್ತಿದ್ರು?"

"ಪುಸ್ತಕದಲ್ಲಿ ಇಲ್ಲಮ್ಮ."

"ಸುಮ್ನ ಕುಂದ್ರತಿದ್ರೇನೋ," ಎಂದಳು. ತರಗತಿ ನಕ್ಕಿತು.

ಅದೇ ತಿಂಗಳೋ, ಮುಂದಿನದೋ, ಖಚಿತವಿಲ್ಲ, ಅವಳ ಅಜ್ಜಿ ಶಾಲೆಗೆ ಬಂದಳು. ಲಂಬಾಣಿ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರನ್ನೂ ತಬ್ಬಿ, ಅವರ ಋಣವನ್ನು ಹಾಡುತ್ತಲೇ ಅಳಬೇಕು. ಅದು ಢಾವಲೋ. ಹಿರಿಯ ಹೆಂಗಸರು ಪಕ್ಕದಲ್ಲಿ ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸುತ್ತಾರೆ.

"ಭಾನುವಾರ ಒಂದ್ ತಾಸು ಬಿಡ್ರಿ ಸಾಹೇಬ್ರ, ಕಲಿಸ್ತೀನಿ," ಎಂದು ಮುಖ್ಯೋಪಾಧ್ಯಾಯರನ್ನು ಬೇಡಿಕೊಂಡಳು. "ನನ್ನ ತಬ್ಬಿ ಅವಳು ಅಳೋದು ಕೇಳ್ಬೇಕ್ರಿ."

"ಅಳೋದಕ್ಕೂ ಕ್ಲಾಸ್ ಏನಮ್ಮ? ತಾನ ಬರ್ತೈತಿ."

"ಬರಾಂಗಿಲ್ರಿ."

ಅವಳು ಹೋದ ಮೇಲೆ ನಾನು ಅವಳ ಪರವಾಗಿ ಮಾತಾಡಿದೆ. "ನಿಮ್ಮ ಕಡೀನೂ ಸಾಲಿ ತೆಲುಗಿಗೆ ಹೋಗ್ಯಾವಲ್ರಿ ಮಾಸ್ತರ್ರ. ಸಡಿಲ ಬಿಟ್ಟಿದ್ದಕ್ಕ ಹಂಗಾತು," ಎಂದರು ಮುಖ್ಯೋಪಾಧ್ಯಾಯರು. ಕೆಟ್ಟವರಲ್ಲ. ಸೋನಿಗೆ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ತರಿಸಿದವರು.

೨೦೧೪ರಲ್ಲಿ ಸೋನಿಯ ಮದುವೆಗೆ ತಾಂಡಾಕ್ಕೆ ಹೋದೆ. ಶಾಲೆ ಮುಗಿದ ಮೇಲೆ ಅವಳೂ ಜೀನ್ಸ್ ಮಷೀನಿಗೆ ಕೂತಿದ್ದಳು. ಅಜ್ಜಿ ಕಲಿಸಲು ನೋಡಿದ್ದಳಂತೆ. ಎರಡು ಸಾಲಿಗೇ ಸೋನಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳಂತೆ, ಯಾರೋ ಅಲ್ಲಿಗೆ ಕಳಿಸಿಬಿಡುತ್ತಾರೆ ಎಂಬಂತೆ.

ಹೊರಡುವ ಹೊತ್ತು ಹೆಂಗಸರು ಸುತ್ತ ನಿಂತರು. ಸೋನಿ ಅಜ್ಜಿಯನ್ನು ತಬ್ಬಿದಳು. ಬಾಯಿ ತೆರೆಯಿತು, ಹಾಡು ಬರಲಿಲ್ಲ. ಒಬ್ಬಾಕೆ ನನಗೆ ಕೇಳಲೆಂದೇ ಕನ್ನಡದಲ್ಲಿ ಅಂದಳು, "ಸಾಲಿ ಕಲ್ತಾಳಲ್ಲ, ಪುಸ್ತಕ ಕೊಡ್ರಿ, ನೋಡ್ಕೊಂಡು ಅಳ್ತಾಳ."

ಅಜ್ಜಿ ಅವಳ ಗಲ್ಲ ಹಿಡಿದಳು. "ಕನ್ನಡದಾಗ ಅಳವ್ವ. ನನಗ ತಿಳೀತೈತಿ."

ಪುಟಗಟ್ಟಲೆ ಪದ್ಯ ಒಪ್ಪಿಸುತ್ತಿದ್ದ ಹುಡುಗಿ. ಅಜ್ಜಿಯನ್ನು ತಬ್ಬಿ ಹೇಳಬಹುದಾದ ಒಂದು ಸಾಲನ್ನೂ ನಾವು ಅವಳಿಗೆ ಕೊಟ್ಟಿರಲಿಲ್ಲ. "ದಾದಿ" ಎಂದಳು, ತಾಂಡಾದ ಮಾತಿನಲ್ಲಿ ಅಜ್ಜಿ ಎಂದು, ಅಷ್ಟೇ. ದಿಬ್ಬಣದ ಟೆಂಪೊ ಹಾರ್ನ್ ಹೊಡೆಯಿತು. ಅಜ್ಜಿ ಅವಳ ಮುಖ ಒರೆಸಿ ಹತ್ತಿಸಿದಳು.

ಆಮೇಲೆ ಅಜ್ಜಿಯೇ ಹಾಡಿದಳೆಂದು ಬರೆಯಲು ಆಸೆಯಾಗುತ್ತದೆ. ಕೆಲವೊಮ್ಮೆ ಆ ಹಾಡು ಕೇಳಿದ್ದೇನೆಂದೇ ಅನ್ನಿಸುತ್ತದೆ. ಆದರೆ ಅವಳು ಹಾಡಲಿಲ್ಲ. ಅದು ಹೋಗುವವಳ ಹಾಡು, ಉಳಿದವಳದಲ್ಲ. ಧೂಳು ಅಡಗುವವರೆಗೂ ನಿಂತಿದ್ದಳು.

ಮಗು ಏನು ಕಲಿಯಿತೆಂದು ಅಳೆಯುವುದು ನನ್ನ ವೃತ್ತಿಯಾಗಿತ್ತು. ಶಾಲೆಗೆ ಬಂದ ಮೇಲೆ ಅದು ಯಾರ ಜೊತೆ ಮಾತು ನಿಲ್ಲಿಸಿತು ಎಂದು ಕೇಳುವುದೂ ಅದೇ ವೃತ್ತಿಯ ಭಾಗವೆಂದು ನನಗೆ ತಿಳಿದದ್ದು ಆ ತಾಂಡಾದಲ್ಲಿ.